ಮಾಬ್‌ಲ್ಯಾಂಡಿನ ಮನೆತನಗಳು

2025ರ ಮಾರ್ಚ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಆರಂಭವಾದ, ರೋನನ್ ಬೆನೆಟ್ ರೂಪಿಸಿದ ‘ಮಾಬ್‌ಲ್ಯಾಂಡ್’ ಧಾರಾವಾಹಿಯಲ್ಲಿ ಲಂಡನ್ನಿನ ಹ್ಯಾರಿಗನ್ ಮತ್ತು ಸ್ಟೀವನ್‌ಸನ್ ಎಂಬೆರಡು ಪಾತಕಿ ಮನೆತನಗಳು ಪರಸ್ಪರ ಹಲ್ಲು ಮಸೆಯುತ್ತವೆಯಾದರೂ, ಕಥೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದವರಿಗೆ ಹೊರಗಿನ ಶತ್ರುವಿಗಿಂತ ಸ್ವಂತ ಮನೆಯ ಪಡಸಾಲೆಯಲ್ಲಿ ಕುಳಿತ ಬಂಧುಗಳೇ ಹೆಚ್ಚು ಅಪಾಯಕಾರಿಗಳೆಂಬುದು ಮನವರಿಕೆಯಾಗುತ್ತದೆ. ಯಜಮಾನ ಕಾನ್ರಾಡ್ ಹ್ಯಾರಿಗನ್‌ನ ಪಾತ್ರದಲ್ಲಿ ಪಿಯರ್ಸ್ ಬ್ರಾಸ್ನನ್, ಆತನ ಪತ್ನಿ ಮೇವ್‌ಳ ಪಾತ್ರದಲ್ಲಿ ಹೆಲೆನ್ ಮಿರೆನ್ ಇದ್ದಾರೆ. ಒಬ್ಬರು ನಾಲ್ಕು ಚಿತ್ರಗಳಲ್ಲಿ ಜೇಮ್ಸ್ ಬಾಂಡ್ ಆಗಿ ಬ್ರಿಟಿಷ್ ಸಿಂಹಾಸನವನ್ನು ಕಾಪಾಡಿದವರು, ಇನ್ನೊಬ್ಬರು 2006ರ ‘ದಿ ಕ್ವೀನ್’ ಚಿತ್ರದಲ್ಲಿ ಅದೇ ಸಿಂಹಾಸನವನ್ನೇರಿ ಆಸ್ಕರ್ ಪಡೆದವರು. ನಿವೃತ್ತಿಯ ನಂತರ ಇಬ್ಬರೂ ಕೂಡಿ ಮಾದಕದ್ರವ್ಯದ ವ್ಯಾಪಾರಕ್ಕಿಳಿದರೆಂದು ಭಾವಿಸಿದರೆ, ಬ್ರಿಟಿಷ್ ಸರ್ಕಾರದ ಪಿಂಚಣಿ ವ್ಯವಸ್ಥೆಯ ಬಗ್ಗೆಯೇ ಅನುಮಾನ ಮೂಡುವುದು ಸಹಜ.

ಕಾನ್ರಾಡ್ ಗುಂಡು ಹಾರಿಸುತ್ತಾನೆ, ಮೇವ್ ಕಿವಿಯೂದುತ್ತಾಳೆ. ಎರಡನೆಯದೇ ಹೆಚ್ಚು ಮಾರಕ. ಆಕೆಯ ಮುದ್ದಿನ ಮೊಮ್ಮಗ ಎಡ್ಡಿ ನೈಟ್‌ಕ್ಲಬ್ಬಿನಲ್ಲಿ ಒಬ್ಬನಿಗೆ ಚೂರಿ ಹಾಕಿ, ಸ್ಟೀವನ್‌ಸನ್ನರ ಮಗ ನಾಪತ್ತೆಯಾಗಿ, ಊರಿಗೆ ಊರೇ ಹೊತ್ತಿಕೊಳ್ಳುವ ಸ್ಥಿತಿ ಬಂದಾಗಲೂ ಅಜ್ಜಿಗೆ ಹುಡುಗನಲ್ಲಿ ಕಾಣುವುದು ದೋಷವಲ್ಲ, ವಂಶದ ಕಳೆ.

ಇವರೆಲ್ಲರ ನಡುವೆ ನವೆಯುವವನು ಟಾಮ್ ಹಾರ್ಡಿ ಅಭಿನಯಿಸಿದ ಹ್ಯಾರಿ ಡ ಸೋಜಾ. ಈತ ಫಿಕ್ಸರ್, ಅರ್ಥಾತ್ ಯಜಮಾನರ ಮನೆಯವರು ಎಬ್ಬಿಸಿದ ರಾದ್ಧಾಂತವನ್ನು ಮಾತಿನಿಂದ, ಬೆದರಿಕೆಯಿಂದ, ಅಗತ್ಯಬಿದ್ದರೆ ಹೊಡೆತದಿಂದ ಸರಿಪಡಿಸುವ ನೌಕರ. ಎರಡು ಮನೆತನಗಳ ನಡುವಿನ ಸಂಧಾನವನ್ನು ನಿಭಾಯಿಸಬಲ್ಲ ಈತ ಹೆಂಡತಿ ಜ್ಯಾನ್ ಕೇಳುವ ಸಾದಾ ಪ್ರಶ್ನೆಗೆ ಉತ್ತರಿಸಬೇಕಾದ ಹೊತ್ತಿಗೆ ಸರಿಯಾಗಿ ಫೋನು ಮೊಳಗುತ್ತದೆ. ಗಮನಿಸತಕ್ಕ ಸಂಗತಿಯೆಂದರೆ, ಆತ ಅದನ್ನು ಬಹಳ ನೆಮ್ಮದಿಯಿಂದಲೇ ಎತ್ತಿಕೊಳ್ಳುತ್ತಾನೆ.