19ನೇ ಗೇಟಿನ ಸಿನಿಮಾ ಯಾರು ಮಾಡ್ತಾರ?

ಬೇಲಿಯಾಚೆಯ ಕಾಕಾಗೆ ಮಲಯಾಳಂ ಒಂದಕ್ಷರ ಬರುವುದಿಲ್ಲ. ಆದರೂ ಲಾಕ್‌ಡೌನಿನಲ್ಲಿ ಮಗ ಫೋನಿನಲ್ಲಿ ಹತ್ತಿಸಿದ ಮಲಯಾಳಂ ಸಿನಿಮಾದ ಚಟ ಇನ್ನೂ ಬಿಟ್ಟಿಲ್ಲ. ಮಂಗಳವಾರ, ಶುಕ್ರವಾರ ನಮ್ಮ ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಮಂದಿ ನುಗ್ಗುವ ಹೊತ್ತಿನಲ್ಲೂ ಅವರ ಬಾಯಲ್ಲಿ ಕೇರಳವೇ.

"ಅಲ್ಲೋ ತಮ್ಮಾ, ಸೇಡು ತೀರಿಸ್ಕೊಳ್ಳೋ ತನ್ಕ ಚಪ್ಪಲಿ ಮೆಟ್ಟಂಗಿಲ್ಲ ಅಂತ ಒಬ್ಬ ಫೋಟೋ ಸ್ಟುಡಿಯೋದವ ಹಠ ಹಿಡೀತಾನ. ಅಷ್ಟ ಕಥಿ! ಅದರ ಮ್ಯಾಲ ಇಡೀ ಸಿನಿಮಾ ಮಾಡ್ಯಾರ."

2016ರ 'ಮಹೇಶಿಂಟೆ ಪ್ರತಿಕಾರಂ' ಅದು. ಇಡುಕ್ಕಿ ಬೆಟ್ಟದ ಕಥೆ. ಕಾಕಾ ಅಲ್ಲಿಗೇ ನಿಲ್ಲುವುದಿಲ್ಲ. 2022ರ 'ನ್ನಾ ತಾನ್ ಕೇಸ್ ಕೊಡ್' ಸಿನಿಮಾದಲ್ಲಿ ರಸ್ತೆಯ ತಗ್ಗಿನ ಸಲುವಾಗಿ ಒಬ್ಬ ಹಳೇ ಕಳ್ಳ ಮಂತ್ರಿಯನ್ನೇ ಕೋರ್ಟಿಗೆ ಎಳೆಯುತ್ತಾನೆ. ಅದು ಕಾಸರಗೋಡು ಸೀಮೆಯದು. "ನಮ್ಮ ಹಾದ್ಯಾಗ ತಗ್ಗು ಕಡಿಮಿ ಅದಾವೇನು? ಕೋರ್ಟಿಗೆ ಹೋಗೋರೂ ಕಡಿಮಿ ಇಲ್ಲ. ಸಿನಿಮಾ ಮಾಡವ್ರು ಇಲ್ಲ ನೋಡು!"

ಕಾಸರಗೋಡು ಎಂದಾಗ ನಾನೊಂದು ಮಾತು ಸೇರಿಸಿದೆ. ಸೆನ್ನಾ ಹೆಗ್ಡೆ 2018ರಲ್ಲಿ ದಿಗಂತ್ ಅವರನ್ನು ಹಾಕಿಕೊಂಡು ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದವರು. ಆಮೇಲೆ ಅದೇ ಕಾಸರಗೋಡು ಸೀಮೆಯ ಕಾಞಂಗಾಡಿಗೆ ಹೋಗಿ, ಮಗಳ ನಿಶ್ಚಿತಾರ್ಥಕ್ಕೆ ಸಜ್ಜಾಗುವ ಒಂದು ಮನೆಯ ಎರಡು ದಿನದ ಗದ್ದಲವನ್ನು 'ತಿಂಕಳಾಳ್ಚ ನಿಶ್ಚಯಂ' ಅಂತ ತೆಗೆದರು. ಅಲ್ಲಿನವರ ಮಾತು, ಅಲ್ಲಿನವರದೇ ಮುಖ. ಅತ್ಯುತ್ತಮ ಮಲಯಾಳಂ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. "ಅಂದ್ರ ಅಂವ ನಮ್ಮವನ?" ಎಂದು ಕಾಕಾ ಹಿಗ್ಗಿದರು. ಹಿಗ್ಗಲಿ ಬಿಡಿ, ಕಾಸು ಖರ್ಚಿಲ್ಲ.

ಹಾಗಂತ ನಾವೇನು ಹಿಂದೆ ಬಿದ್ದವರಲ್ಲ. ಅಡೂರು ಗೋಪಾಲಕೃಷ್ಣನ್ ಅವರ 'ಸ್ವಯಂವರಂ' ಬಂದದ್ದು 1972ರಲ್ಲಿ. ನಮ್ಮ 'ಸಂಸ್ಕಾರ' 1970ರಲ್ಲೇ ಬಂದು ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದಿತ್ತು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ಚಿತ್ರಸಮಾಜ ಕಟ್ಟಿದ್ದರು. ಆದರೆ ಆ ಬೆಳಕೆಲ್ಲ ಮಲೆನಾಡಿನ ಕಡೆ ಬಿತ್ತು. ಮುಂದೆ ಮಲಯಾಳದ 'ಮಣಿಚಿತ್ರತ್ತಾಳ್' ತಂದು 2004ರಲ್ಲಿ 'ಆಪ್ತಮಿತ್ರ' ಮಾಡಿದೆವು, 'ದೃಶ್ಯಂ' ತಂದು 2014ರಲ್ಲಿ 'ದೃಶ್ಯ' ಮಾಡಿದೆವು. ದುಡ್ಡೂ ಆಯಿತು. ಕಥೆ ತಂದೆವು, ಅವರು ಊರನ್ನು ನೋಡುವ ಕಣ್ಣು ಮಾತ್ರ ಅಲ್ಲೇ ಉಳಿಯಿತು.

ಹುಲಿಗಿಯಲ್ಲಿ ನೋಡುವುದಕ್ಕೆ ಏನಿಲ್ಲ ಹೇಳಿ. ಕೇರಳದಲ್ಲಿ ದೈವದ ವೇಷವಾದ ತೆಯ್ಯಂ ಕಟ್ಟುವವನನ್ನು ಒಥೆಲೊ ಮಾಡಿ ಜಯರಾಜ್ 1997ರಲ್ಲೇ 'ಕಳಿಯಾಟ್ಟಂ' ತೆಗೆದರು. ನಮ್ಮ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ನಮ್ಮ ಕೊಪ್ಪಳ ಜಿಲ್ಲೆಯದೇ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಅಂದರೇನು, ದೀಪ ಹಚ್ಚಿ ಪರದೆಯ ಮೇಲೆ ಕಥೆ ಆಡಿಸುವುದು. ಸಿನಿಮಾ ಇಲ್ಲಿ ಹೊಸದೇ ಅಲ್ಲ!

ಇದೆಲ್ಲ ಕೇಳಿ ಕಾಕಾ, "ಅದೆಲ್ಲ ಇರಲಿ, ಗೇಟ್ ಮುರದದ್ದು ನೆನಪೈತೇನು?" ಅಂದರು.

ಯಾರಿಗೆ ಮರೆಯುತ್ತದೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ತುಂಬಿದ್ದ ಡ್ಯಾಮು ಕಣ್ಣೆದುರೇ ಖಾಲಿಯಾಗುವಾಗ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಎದೆ ಹೊಡೆದುಕೊಂಡಿತು; ಎರಡನೇ ಬೆಳೆ ಇರಲಿ, ಮೊದಲನೆಯದಕ್ಕೇ ನೀರು ಸಿಗುತ್ತದೋ ಇಲ್ಲವೋ. ನಿವೃತ್ತಿಯಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸುವುದು ಆಗದ ಕೆಲಸ ಅಂದವರೇ ಹೆಚ್ಚು. ನಾಯ್ಡು ಮತ್ತವರ ಜೊತೆಯವರು ವಾರದೊಳಗೆ ಇಳಿಸಿ ನೀರು ನಿಲ್ಲಿಸಿದರು.

"ಮುದುಕ ಮನಷ್ಯಾ, ಮುರಿದ ಗೇಟು, ಮೂರು ಜಿಲ್ಲಾದ ರೈತರು. ಇನ್ನೇನು ಬೇಕಲೇ ಸಿನಿಮಾಕ್ಕ?"

ಮಲಯಾಳಿಗಳು ಬಿಡುತ್ತಿರಲಿಲ್ಲ. 2018ರಲ್ಲಿ ನಿಪಾ ಬಂತು, ಮರುವರ್ಷವೇ 'ವೈರಸ್' ಬಂತು. ನಿಪಾ ಬಂದ ವರ್ಷದ್ದೇ ನೆರೆಯನ್ನು 2023ರಲ್ಲಿ '2018' ಅಂತ ತೆಗೆದು ಭಾರತದ ಪರವಾಗಿ ಆಸ್ಕರಿಗೇ ಕಳಿಸಿದರು. ನಾವು ಗೇಟಿನ ಮೇಲೆ ರೀಲ್ಸ್ ಮಾಡಿದೆವು.

ಇಲ್ಲಿ ನಿರ್ದೇಶಕರನ್ನಷ್ಟೇ ಬೈದರೆ ಅರ್ಧ ಸುಳ್ಳಾಗುತ್ತದೆ. ನಮ್ಮ ಸೀಮೆಯ ಮಾತು ಪರದೆಗೆ ಬಂದರೆ ನಗಿಸುವ ಪಾತ್ರಕ್ಕೆ ಮಾತ್ರ ಅನ್ನುವ ಸಿಟ್ಟು ನನಗೂ ಇದೆ. ಆದರೆ 2024ರಲ್ಲಿ ಉತ್ಸವ್ ಗೋನವಾರ ಅವರ 'ಫೋಟೋ' ತೆರೆಗೆ ಬಂತು: ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕೆಂದು ಬೆಂಗಳೂರಿಗೆ ಹೋದ ಹುಡುಗ, ಲಾಕ್‌ಡೌನಿನಲ್ಲಿ ಅಪ್ಪನ ಜೊತೆ ರಾಯಚೂರು ಸೀಮೆಗೆ ನಡೆಯುತ್ತ ಬರುವ ಕಥೆ. ನಮ್ಮದೇ ಭಾಷೆ, ನಗಿಸುವುದಕ್ಕಲ್ಲ.

"ಕಾಕಾ, ಅದನ್ನ ನೋಡೀರೇನ್ರಿ?"

ಕಾಕಾ ಬೇವಿನ ಕಡ್ಡಿ ಅಗಿಯುತ್ತ, ಗಂಗಾವತಿ ಕ್ಯಾಂಪಿನ ಕಡೆ ಯಾವುದೋ ತೆಲುಗು ಸಿನಿಮಾಕ್ಕೆ ಹಾಲಿನ ಅಭಿಷೇಕ ಆದ ಸುದ್ದಿ ತೆಗೆದರು.

ಇಡುಕ್ಕಿಯ ಚಪ್ಪಲಿ ಗೊತ್ತು, ರಾಯಚೂರಿನ ಬರಿಗಾಲು ಗೊತ್ತಿಲ್ಲ. ಕೇರಳದಲ್ಲಿ ಸಣ್ಣ ಊರಿನ ಸಿನಿಮಾ ನಡೆಯುವುದಕ್ಕೆ ಕಾರಣ ಅದನ್ನು ಮೊದಲು ಆ ಊರವರೇ ನೋಡುವುದು.

ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಂದಿಗೆ ನನ್ನದೊಂದು ವಿನಂತಿ: 'ಫೋಟೋ' ಸಿಕ್ಕರೆ ನೋಡ್ರಿ. ನಾಳೆ ಯಾವನಾದರೂ ಹುಡುಗ 19ನೇ ಗೇಟಿನ ಕಥೆ ಹಿಡಿದು ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿ ಕ್ಯಾಮೆರಾ ಇಟ್ಟರೆ ಅವನಿಗೆ ಊಟ ಹಾಕ್ರಿ, ಸಿನಿಮಾ ಬಂದ ಮೊದಲ ವಾರದಲ್ಲೇ ಟಿಕೆಟ್ ತಗೊಳ್ರಿ. ಎರಡನೇ ವಾರಕ್ಕೆ ಅದು ಟಾಕೀಸಿನಲ್ಲಿ ಇರುವುದಿಲ್ಲ.