ಅನುದಾನ ಜಲಶಾಸ್ತ್ರ: ಒಂದು ತ್ರಿತಾಲ್ಲೂಕು ಅಧ್ಯಯನ

ಸಂಶೋಧನಾ ಅನುದಾನವು ದ್ರವಪದಾರ್ಥ. ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ದಾರಿಯಲ್ಲಿ ಇಂಗುತ್ತದೆ, ಆವಿಯಾಗುತ್ತದೆ, ತುದಿ ಮುಟ್ಟುವುದು ಅನುಮಾನ. ಈ ಸಿದ್ಧಾಂತವನ್ನು ಪ್ರತಿಪಾದಿಸಲು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗಿಂತ ಯೋಗ್ಯ ಕ್ಷೇತ್ರ ಇನ್ನೊಂದಿಲ್ಲ. ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ಬಿಟ್ಟರೆ ಮಂಡ್ಯದ ಗದ್ದೆ ತುಂಬುತ್ತದೆ, ಮದ್ದೂರಿನ ಕೊನೆ ಭಾಗಕ್ಕೆ ಭರವಸೆ ಸಿಗುತ್ತದೆ, ಮಳವಳ್ಳಿಯ ಕೊನೆ ಭಾಗದಲ್ಲಿ ರಸ್ತೆ ತಡೆ ಶುರುವಾಗುತ್ತದೆ. ತದನುಸಾರ ಪ್ರಸ್ತುತ ಪ್ರಬಂಧವು ಅಧ್ಯಾಪಕ ಸಮುದಾಯವನ್ನು ಮೇಲ್ನಾಲಾವಾಸಿ, ನಡುನಾಲಾವಾಸಿ, ತುದಿನಾಲಾವಾಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸುತ್ತದೆ.

ಮೇಲ್ನಾಲಾವಾಸಿಯ ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಮುಂತಾದ ಎತ್ತರದ ಪ್ರದೇಶ. ಅಲ್ಲಿ ಯೋಜನೆಯ ಲೆಕ್ಕ ಬರೆಯಲು ಪ್ರತ್ಯೇಕ ವಿಭಾಗವೇ ಇರುತ್ತದೆ. ನಡುನಾಲಾವಾಸಿಯ ಲಕ್ಷಣಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಆತ ಮೇಲಿನವರನ್ನೂ ಬೈಯುತ್ತಾನೆ, ಕೆಳಗಿನವರಿಗೂ ಬಿಡುವುದಿಲ್ಲ ಎಂದರೆ ಸಾಕು.

ತಾಲ್ಲೂಕು ಕಾಲೇಜಿನ ಮೇಷ್ಟ್ರಾದ ತುದಿನಾಲಾವಾಸಿಯನ್ನು ಉದ್ಧರಿಸಲು ‘ಒಂದು ದಿನದ ಕಾರ್ಯಾಗಾರ’ ಎಂಬ ವಿಧಿಯುಂಟು. ಹತ್ತೂವರೆಗೆಂದು ಅಚ್ಚಾದದ್ದು ಹನ್ನೊಂದೂಕಾಲಿಗೆ ಆರಂಭ. ಪ್ರಾರ್ಥನೆ, ಸ್ವಾಗತ, ಕುಂಡದ ಗಿಡಕ್ಕೆ ನೀರು, ಸಂಪನ್ಮೂಲ ವ್ಯಕ್ತಿಗೆ ಮೈಸೂರು ಪೇಟ. ಬಳಿಕ ಪರದೆಯ ಮೇಲೆ ‘ಗೆಲ್ಲುವ ಪ್ರಸ್ತಾವನೆ ಬರೆಯುವುದು ಹೇಗೆ’. ಚಹಾದ ಜೊತೆ ಮದ್ದೂರು ವಡೆ. ರೈಲು ನಿಲ್ದಾಣದಲ್ಲಿ ಹುಟ್ಟಿ ನೂರು ವರ್ಷ ದಾಟಿದ ಈ ತಿಂಡಿಗೆ ಯಾರೂ ಪ್ರಸ್ತಾವನೆ ಬರೆದಿರಲಿಲ್ಲ ಎಂಬುದು ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೊನೆಗೆ ಗುಂಪು ಫೋಟೊ, ಪ್ರಮಾಣಪತ್ರ. ಫೋಟೊ ಬಹಳ ಮುಖ್ಯ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಮೂರನೇ ಮಾನದಂಡದಲ್ಲಿ ಬಂದ ಅನುದಾನದಂತೆ ನಡೆಸಿದ ಕಾರ್ಯಾಗಾರಗಳಿಗೂ ಲೆಕ್ಕವಿದೆ. ಅನುದಾನ ಬಾರದಿದ್ದರೂ ಅದನ್ನು ತರುವ ಬಗೆ ಹೇಳಿಕೊಟ್ಟದ್ದಕ್ಕೆ ಅಂಕ ಸಿಗುತ್ತದೆ.

ಇನ್ನು ಪ್ರಸ್ತಾವನಾ ರಸಾಯನ. ಮಳವಳ್ಳಿ ಕಡೆಯ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರಿಗೆ ಒಂದು ಸಾದಾ ಪ್ರಶ್ನೆ ಇದೆ ಎಂದಿಟ್ಟುಕೊಳ್ಳಿ. ಬೆಲ್ಲ ಹೊಂಬಣ್ಣಕ್ಕೆ ಬರಲೆಂದು ಆಲೆಮನೆಯಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುತ್ತಾರಲ್ಲ, ಅದರಲ್ಲಿ ಎಷ್ಟು ಅಚ್ಚಿನೊಳಗೆ ಉಳಿದು ಮಕ್ಕಳ ಹೊಟ್ಟೆ ಸೇರುತ್ತದೆ? ಕಾರ್ಯಾಗಾರದ ಮೂಸೆಯಲ್ಲಿ ಕುದಿದ ಮೇಲೆ ಪ್ರಶ್ನೆ ಹೀಗಾಗುತ್ತದೆ: ‘ಗ್ರಾಮೀಣ ಸಿಹಿಕಾರಕ ಮೌಲ್ಯ ಸರಪಳಿಯಲ್ಲಿ ಸಲ್ಫೈಟ್ ಅವಶೇಷಗಳ ಕೃತಕ ಬುದ್ಧಿಮತ್ತೆ ಆಧಾರಿತ, ಸುಸ್ಥಿರ ಅಭಿವೃದ್ಧಿ ಗುರಿ ಸಂಯೋಜಿತ, ಬಹುಶಿಸ್ತೀಯ ಮೌಲ್ಯಮಾಪನ ಚೌಕಟ್ಟು’. ಇದರಲ್ಲಿ ಆಲೆಮನೆ ಇಲ್ಲ, ಬೆಲ್ಲವಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ.

ಪ್ರಸ್ತಾವನೆಯೊಡನೆ ಸಂಸ್ಥೆಯ ಮುಖ್ಯಸ್ಥರ ವಾಗ್ದಾನ ಪತ್ರ ಬೇಕು. ಯೋಜನೆ ಮುಗಿಯುವವರೆಗೆ ಸಂಸ್ಥೆ ಸಕಲ ಸೌಲಭ್ಯ ಒದಗಿಸುತ್ತದೆ ಎಂದು ಅದರಲ್ಲಿ ಬರೆದುಕೊಡಬೇಕು. 2025ರ ಫೆಬ್ರವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಲಹೆ ಮಾಡಿತು, ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಅಂಥ ಹೊತ್ತಿನಲ್ಲಿ ‘ಯೋಜನೆ ಮುಗಿಯುವವರೆಗೆ ಸಂಸ್ಥೆ ಇರುತ್ತದೆ’ ಎಂಬ ಷರಾವನ್ನೂ ಸೇರಿಸಿದ್ದರೆ ಪತ್ರ ಹೆಚ್ಚು ವೈಜ್ಞಾನಿಕವಾಗುತ್ತಿತ್ತು.

ಅರ್ಜಿ ಸಲ್ಲಿಕೆಯ ನಂತರದ್ದು ಹುಲಿಕೆರೆ ಸುರಂಗ ಘಟ್ಟ. ನಾಲೆ ಹುಲಿಕೆರೆಯಲ್ಲಿ ಸುರಂಗ ಹೊಕ್ಕು ಆಚೆ ಹೊರಬರುವುದಾದರೂ ಖಚಿತ, ಪ್ರಸ್ತಾವನೆಗೆ ಆ ಖಾತ್ರಿಯಿಲ್ಲ. ಅಕಸ್ಮಾತ್ ಮಂಜೂರಾಯಿತೆನ್ನಿ. ಹಣ ಬರಲು ಪಿಎಫ್‌ಎಂಎಸ್ ನೋಂದಣಿ, ಖರೀದಿಗೆ ಕೊಟೇಶನ್ನು, ಜೆಮ್ ಪೋರ್ಟಲ್ಲು, ವರ್ಷಾಂತ್ಯಕ್ಕೆ ಜಿಎಫ್‌ಆರ್ 12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರ. ಕಾಲೇಜಿನ ಆಫೀಸಿನಲ್ಲಿ ಇರುವವನು ಒಬ್ಬನೇ ಗುಮಾಸ್ತ, ಅವನ ಕೈಯಲ್ಲಿ ಸ್ಕಾಲರ್‌ಶಿಪ್ಪು, ಅಡ್ಮಿಷನ್ನು, ಚುನಾವಣೆ ಕೆಲಸ. ‘ಸರ್ವರ್ ಡೌನೈತೆ ಸಾ, ನಾಳೀಕ್ ಬನ್ನಿ’ ಅಂತಾನೆ. ಅವನದೇನು ತಪ್ಪು?

ಇಲ್ಲಿಗೆ ವರ್ಗೀಕರಣ ಸಾಕು.

2022ರ ಜುಲೈಯಲ್ಲಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗಿದ್ದ ಶೇ 5ರ ಜಿಎಸ್‌ಟಿ ರಿಯಾಯಿತಿ ಹೋಗಿ ಶೇ 18 ಆಯಿತು. ಸರ್ಕಾರ ಕೊಟ್ಟ ದುಡ್ಡಿನಲ್ಲಿ ಕೊಂಡ ಯಂತ್ರಕ್ಕೆ ಸರ್ಕಾರಕ್ಕೇ ತೆರಿಗೆ. ಇಷ್ಟು ಸಾಲದೆಂದು ಅನುದಾನದ ಮೇಲೇ ಜಿಎಸ್‌ಟಿ ಕಟ್ಟಿ ಎಂದು ಐಐಟಿ ದೆಹಲಿಯಂಥ ಸಂಸ್ಥೆಗೂ ನೋಟಿಸು ಹೋಯಿತು. ದೇಶವೆಲ್ಲ ಛೀ ಅಂದಮೇಲೆ 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಕೊಟ್ಟಿತು. ಸಣ್ಣ ಊರಿನ ಮೇಷ್ಟ್ರಿಗೂ ದಕ್ಕುತ್ತಿದ್ದ ಯುಜಿಸಿಯ ಕಿರು ಸಂಶೋಧನಾ ಯೋಜನೆ ನಿಂತು ವರ್ಷಗಳೇ ಆದವು. ಅದರ ಜಾಗಕ್ಕೆ 2023ರ ಕಾಯ್ದೆಯಡಿ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ತೋರಿಸುತ್ತಾರೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಅದರಲ್ಲಿ 36,000 ಕೋಟಿ ಬರಬೇಕಾದದ್ದು ಉದ್ಯಮಗಳು, ದಾನಿಗಳು ಮುಂತಾದ ಹೊರಗಿನ ಮೂಲಗಳಿಂದ. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಯ ಪಾಲು ಶೇ 1ನ್ನೂ ಮುಟ್ಟಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಕಾಯಂ ಹುದ್ದೆಯಿಲ್ಲದ ಅವರಿಗೆ ಬಹುಪಾಲು ಯೋಜನೆಗಳಲ್ಲಿ ಅರ್ಜಿ ಹಾಕುವ ಅರ್ಹತೆಯೇ ಇಲ್ಲ. ಅವರನ್ನೂ ಕಾರ್ಯಾಗಾರಕ್ಕೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕುರ್ಚಿ ಖಾಲಿ ಕಂಡರೆ ಫೋಟೊ ಚೆನ್ನಾಗಿರುವುದಿಲ್ಲ.

ಇದೇ ಸೀಮೆಯಲ್ಲಿ ಬೇರೆ ಬಗೆಯ ಸಂಶೋಧನೆಯೂ ನಡೆದಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಇದ್ದರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ಸ್ವಪರಾಗಸ್ಪರ್ಶದ್ದು, ಬೇರೆ ತಳಿಯೊಡನೆ ಕೂಡಿಸುವುದು ಬಲು ಕಷ್ಟ. ಅವರು ಈ ನೆಲದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು, ಬಡವರ ಮನೆಯ ಮುದ್ದೆ ದೊಡ್ಡದಾಯಿತು. ಅವರಿಗೆ ಸಿಕ್ಕಿದ್ದು ತಿಂಗಳ ಸಂಬಳ, ಪ್ರಯೋಗಕ್ಕೆ ಹೊಲ, ತೆನೆಗಳ ಮುಂದೆ ವರ್ಷಗಟ್ಟಲೆ ಕೂರುವಷ್ಟು ಬಿಡುವು. ಈಗಿನ ಮೂರು ವರ್ಷದ ಯೋಜನೆಯಾಗಿದ್ದರೆ ನಡುವೆಯೇ ‘ಫಲಿತಾಂಶ ಸಾಲದು’ ಎಂಬ ಷರಾ ಬೀಳುತ್ತಿತ್ತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಬಿತ್ತಿ ಕಾಪಾಡುತ್ತಿದ್ದಾರೆ. ಬೀಜ ನೋಡಲು ಸಂಶೋಧಕರು ಅವರ ಗದ್ದೆಗೇ ಹೋಗುತ್ತಾರೆ.

ಆದುದರಿಂದ ಕಾರ್ಯಾಗಾರ ಏರ್ಪಡಿಸುವ ಮಾನ್ಯರಲ್ಲಿ ಒಂದು ಅರಿಕೆ. ಮುಂದಿನ ಸಲ ಪೇಟ, ಹಾರ, ಸಂಪನ್ಮೂಲ ವ್ಯಕ್ತಿಯ ಕಾರಿನ ಬಾಡಿಗೆ ಎಲ್ಲ ಉಳಿಸಿ, ಮಳವಳ್ಳಿ ಕಡೆಯ ಆ ಕಾಲೇಜಿಗೆ ಜಿಎಫ್‌ಆರ್ 12-ಎ ತುಂಬಲು ಬರುವ ಒಬ್ಬ ಗುಮಾಸ್ತನನ್ನು ಕೊಡಿ. ಬೆಲ್ಲದ ಹೈಡ್ರೋಸ್ ಎಷ್ಟೆಂದು ಮೇಷ್ಟ್ರು ಅಳೆದು ಹೇಳುತ್ತಾರೆ.