ಜಾಲಿಗೊಂದು ಮಂಡಳಿ ಬೇಡವೇ?

ನಮ್ಮ ಕಡೆ ಗಿಡಕ್ಕೆ ಮರ್ಯಾದೆ ಸಿಗಬೇಕಾದರೆ ಅದು ನರ್ಸರಿಯಿಂದ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಆಟೊ ಹತ್ತಿ ಬರಬೇಕು. ತಾನಾಗೇ ಹುಟ್ಟಿದ್ದಕ್ಕೆ ಕಸ, ಕಂಟಿ, ಮುಳ್ಳು ಎಂಬ ಮೂರೇ ಹೆಸರು. ಇಂಡಿ ತಾಲ್ಲೂಕಿನ ಲಿಂಬೆಯನ್ನೇ ನೋಡಿ. ಅದರ ಹೆಸರಲ್ಲೊಂದು ಅಭಿವೃದ್ಧಿ ಮಂಡಳಿ ಇದೆ, ಈಚೆಗೆ ಜಿಐ ಟ್ಯಾಗೂ ಸಿಕ್ಕಿತು. ಸಿಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ; ಚುರಮುರಿಗೆ ಹಿಂಡಿಕೊಳ್ಳುವವನು ನಾನೂ. ಆದರೆ ತಂತಿಬೇಲಿ ಬರುವ ಮುಂಚೆ ತೋಟಕ್ಕೆ ದನ ನುಗ್ಗದಂತೆ ಕಾಯ್ದದ್ದು ಜಾಲಿಮುಳ್ಳು. ಅದಕ್ಕೆ ಮಂಡಳಿ ಇಲ್ಲ, ಕೊಡಲಿ ಇದೆ.

ಜಾಲಿಯ ಹೆಸರು ಕೆಡಿಸಿದವರಲ್ಲಿ ದೊಡ್ಡವರೂ ಇದ್ದಾರೆ. ಪುರಂದರದಾಸರು ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಿ ಹಾಡಿಬಿಟ್ಟರು. ಅಂದಿನಿಂದ ಭಜನೆ ನಡೆದಲ್ಲೆಲ್ಲ ಅದಕ್ಕೆ ಮಂಗಳಾರತಿ. ದಾಸರ ಮೇಲೆ ಭಕ್ತಿ ಇಟ್ಟುಕೊಂಡೇ ಹೇಳುತ್ತೇನೆ: ಅವರು ಮೇ ತಿಂಗಳ ಮಟಮಟ ಮಧ್ಯಾಹ್ನ ಸಿಂದಗಿಯ ಎರೆಹೊಲದ ನಡುವೆ ನಿಂತಿದ್ದರೆ ಆ ಪದ ಬೇರೆ ರಾಗದಲ್ಲಿ ಬರುತ್ತಿತ್ತು. ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ಕರಿನೆಲ; ನೆರಳೆಂದರೆ ಬದುವಿನ ಮೇಲಿನ ಅದೊಂದು ಜಾಲಿಯದೇ, ಅದೂ ಜರಡಿ ಹಿಡಿದಂಥ ನೆರಳು. ಬುತ್ತಿ ಬಿಚ್ಚಲು ಅಷ್ಟು ಸಾಕು. ಕೂರಿಗೆ, ಕುಂಟೆ, ಬಂಡಿಯ ಗಾಲಿಗೆಲ್ಲ ಕಟ್ಟಿಗೆ ಕೊಟ್ಟದ್ದೂ ಅದೇ. ತೊಗಟೆ ಬಿರಿದು ಒಸರುವ ಅಂಟನ್ನು ಕಿತ್ತು ತಂದು, ತುಪ್ಪದಲ್ಲಿ ಹುರಿದು, ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಾರೆ. ಹೀಗಾಗಿ ನಮ್ಮ ತಾಲ್ಲೂಕುಗಳ ಎಷ್ಟೋ ಸಜ್ಜನರು ಕುಡಿದ ತಾಯಿಹಾಲಿನಲ್ಲಿ ಆ ದುರ್ಜನನ ಪಾಲೂ ಇದೆ.

ಹಾಗೆಂದು ಕಂಡ ಕಂಡ ಕಂಟಿಗೆಲ್ಲ ವಕಾಲತ್ತು ಹಾಕುವವನಲ್ಲ ನಾನು. ಬಳ್ಳಾರಿ ಜಾಲಿ ಬಳ್ಳಾರಿಯದೂ ಅಲ್ಲ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು ಇಲ್ಲೇ ಠಿಕಾಣಿ ಹೂಡಿದ್ದು. ಓಣಿಯೆಲ್ಲ ಜೋಳ ತುಂಬಿಸುತ್ತದೆಂದು ಗಾದೆಯಲ್ಲಿ ಹೆಸರು ಮಾಡಿದ ಡೋಣಿ ನದಿಯ ಪಾತ್ರಕ್ಕೇ ಅದು ಹೊಕ್ಕು ಕೂತಿದೆ. ಕಾಂಗ್ರೆಸ್ ಕಸವಂತೂ ಪಕ್ಷಭೇದವಿಲ್ಲದೆ ಎಲ್ಲರಿಗೂ ಸೀನು ತರಿಸುತ್ತದೆ. ಅವೆರಡನ್ನೂ ಕಿತ್ತು ಒಗೆಯಿರಿ, ಕುಡಗೋಲು ನಾನೇ ಕೊಡುತ್ತೇನೆ.

ವಿಚಿತ್ರವೆಂದರೆ ಸಸ್ಯಶಾಸ್ತ್ರಿಗಳು ಈ ಬಳ್ಳಾರಿ ಜಾಲಿಯನ್ನೂ ನಮ್ಮ ಬನ್ನಿಯನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಅಡ್ಡಹೆಸರಿನಲ್ಲಿ ಬರೆದಿಟ್ಟಿದ್ದರು. ಬನ್ನಿ ರಾಜಸ್ಥಾನಕ್ಕೂ ತೆಲಂಗಾಣಕ್ಕೂ ರಾಜ್ಯವೃಕ್ಷ. 1730ರಲ್ಲಿ ಮಾರವಾಡದ ಖೇಜಡ್ಲಿಯಲ್ಲಿ ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಇದೇ ಗಿಡವನ್ನು ತಬ್ಬಿ ನಿಂತು ಪ್ರಾಣ ಕೊಟ್ಟರು. ನಮ್ಮಲ್ಲಿ ಅದಕ್ಕೆ ವರ್ಷಕ್ಕೊಂದು ಸಂಜೆಯ ಬಡ್ತಿ. ದಸರೆಯ ದಿನ ಎಲೆ ಬಂಗಾರ. ಮರುದಿನ ಮುಂಜಾನೆ ಅದೇ ಬಂಗಾರ ಕಸಬರಿಗೆ ಪಾಲು.

ಮುದ್ದೇಬಿಹಾಳ ಕಡೆಯ ನಮ್ಮ ಅತ್ತೆಯವರಿಗೆ ಇಂಥ ಮೇಲುಕೀಳು ಇಲ್ಲ. ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದಾಗ ಮೊದಲು ನೋಡುವುದೇ ನೆಲವನ್ನು. ಪಕ್ಕದ ಮನೆಯ ಎಂಜಿನಿಯರ್ ಸಾಹೇಬರು ಟ್ಯಾಂಕರ್ ನೀರು ಹಾಕಿ ಲಾನ್ ಬೆಳೆಸಿದ್ದಾರೆ. ಅದರ ಅಂಚಿನಲ್ಲಿ ಹಕ್ಕರಕಿ ಎದ್ದಿತ್ತು: ನೆಲಕ್ಕೆ ಅಂಟಿಕೊಂಡ ಹಲ್ಲುಹಲ್ಲಿನ ಎಲೆ, ಚಿವುಟಿದರೆ ಹಾಲು, ನಡುವೆ ಪುಟ್ಟ ಹಳದಿ ಹೂವು. ಅತ್ತೆ ಉಡಿ ಕಟ್ಟಿಕೊಂಡು ಕೂತೇಬಿಟ್ಟರು.

“ಅಲ್ರೀ ಸಾಹೇಬ್ರ, ಈ ಹುಲ್ಲಿಗಿ ದಿನಾ ನೀರ ಹಾಕ್ತೀರಿ. ಮನ್ಯಾಗ ದನಾ ಇಲ್ಲ, ಕರಾ ಇಲ್ಲ. ಯಾರ್ ತಿನ್ನೋರು ಇದನ್ನ?”

ಸಾಹೇಬರು ಲ್ಯಾಂಡ್‌ಸ್ಕೇಪ್ ಎಂದೇನೋ ಅಂದರು. ಅತ್ತೆಗೆ ಅದೊಂದು ರೋಗದ ಹೆಸರೆನಿಸಿರಬೇಕು, ಮರುಕದಿಂದ ತಲೆಯಾಡಿಸಿದರು. ಅಂದು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಜೊತೆ ಹಸಿ ಹಕ್ಕರಕಿ ತಿಂದೆವು. ತುಸು ಕಹಿ, ಅದೇ ಅದರ ರುಚಿ. ಹೊಲದಲ್ಲಿ ಕಳೆನಾಶಕ ಹೊಡೆದರೆ ಮೊದಲು ಸಾಯುವವುಗಳಲ್ಲಿ ಇದೂ ಒಂದು. ಸಂತೆಯಲ್ಲಿ ಸಿವುಡು ಕಂಡರೆ ಚೌಕಾಸಿ ಮಾಡದೆ ಕೊಳ್ಳಿ. ಹೀಗೆ ಆರಿಸಿ ಉಡಿ ತುಂಬಿಕೊಳ್ಳುವುದು ಈ ಸೀಮೆಯ ಹಳೆಯ ಚಟವೇ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಆರಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವೂ ಯಾರೂ ನೆಟ್ಟವಲ್ಲ.

ಬೇವಿನ ಬೆಲೆ ನಮಗೆ ತಿಳಿದದ್ದು ಪರದೇಶದವರು ಕೈಹಾಕಿದ ಮೇಲೆ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಯುರೋಪಿನ ಪೇಟೆಂಟ್ ಪಡೆದಿತ್ತು. ಅದು 2000ದಲ್ಲಿ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ವಜಾ ಆಯಿತು. ನಮ್ಮ ಮನೆಯ ಬೇವಿಗೆ ಅಂಥ ಕಾಗದಪತ್ರವೇನೂ ಇಲ್ಲ. ಗಟಾರಕ್ಕೂ ಕಂಪೌಂಡಿಗೂ ನಡುವೆ ನೆಟ್ಟದ್ದು ಕಾಗೆ. ಇನ್ನೂ ಬಿಲ್ ಕಳಿಸಿಲ್ಲ. ಅದರ ಬುಡದಲ್ಲಿ ದಿನಾ ನಿಲ್ಲುವುದು ಎಂಜಿನಿಯರ್ ಸಾಹೇಬರ ಕಾರು. ಮೊನ್ನೆ ಅವರು ಗೇಟಿಗೇ ಬಂದರು.

“ಸರ, ನಿಮ್ಮ ಬೇವಿನ ಎಲಿ ಕಾರ್ ಮ್ಯಾಲ ಭಾಳ ಬೀಳಾಕತ್ತಾವ್ರಿ. ಆ ಕಡಿ ಟೊಂಗಿ ಒಂದೀಟ ಕಡಸ್ರಲಾ.”

“ಹಂಗಾದ್ರ ನಿಮ್ಮ ಅಶೋಕ ಗಿಡದ ಬುಡಕ ಹಚ್ರಲಾ. ಸಾಲಾಗಿ ಹಚ್ಚೀರಿ, ರೊಕ್ಕಾ ಕೊಟ್ಟು ತಂದಾವು.”

“ಅದರ ಬುಡಕ ನೆಳ್ಳ ಎಲ್ಲೈತ್ರಿ ಸರ?”